ಫೈಬರ್ ಗ್ಲಾಸ್ ಕಾರು ಬಾಡಿ: ಅಚ್ಚಿನಿಂದ ಬಿಡಿಸಿದ ಮೇಲಿನ ಕೆಲಸ

ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿಕೊಳ್ಳುವ ಕಾರಿಗೆ ಕಿಟ್ ಕಾರು ಎಂದು ಹೆಸರು. ಇದು ಹೆಚ್ಚು ಬೆಳೆದದ್ದು ಬ್ರಿಟನ್ನಿನಲ್ಲಿ. ಅಲ್ಲಿ ಪೂರ್ತಿ ಕಾರಿಗೆ ಇದ್ದ ಖರೀದಿ ತೆರಿಗೆ, 1973ರಲ್ಲಿ ವ್ಯಾಟ್ ಬರುವವರೆಗೆ, ಕಿಟ್‌ಗೆ ಇರಲಿಲ್ಲ. ಹಾಗಾಗಿ ಹಳೆ ಕಾರಿನ ಚಾಸಿಗೆ ಫೈಬರ್ ಬಾಡಿ ಕೂರಿಸುವ ಹವ್ಯಾಸ ಹಬ್ಬಿತು. ಕನ್ನಡ ನಾಡಿಗೂ ಫೈಬರ್ ಬಾಡಿ ಹೊಸದಲ್ಲ. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ಮಾರಿದ ಡಾಲ್ಫಿನ್ ಕಾರು ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯದು. ಅದರ ಬಾಡಿ ಫೈಬರ್‌ನದೇ.

ಫೈಬರ್‌ಗೆ ತುಕ್ಕಿಲ್ಲ, ನಿಜ. ಆದರೆ ಅವಸರದಲ್ಲಿ ಬಣ್ಣ ಹೊಡೆದರೆ ಗುಳ್ಳೆ, ಬಿರುಕು ತಪ್ಪಿದ್ದಲ್ಲ. ತಿಂಗಳುಗಟ್ಟಲೆ ಪಟ್ಟ ಶ್ರಮ ಒಂದೇ ಬೇಸಿಗೆಯಲ್ಲಿ ಹಾಳಾಗಬಹುದು.

ಮೊದಲು ಕಾಯಬೇಕು

ಪಾಲಿಯೆಸ್ಟರ್ ರೆಸಿನ್‌ಗೆ ಸಾಮಾನ್ಯವಾಗಿ ತೂಕದ ಶೇ. 1ರಿಂದ 2ರಷ್ಟು ಹಾರ್ಡನರ್ ಬೆರೆಸುತ್ತಾರೆ. ಗಂಟೆಗಳಲ್ಲೇ ಅದು ಗಟ್ಟಿಯಾದಂತೆ ಕಂಡರೂ ಒಳಗೆ ಪಕ್ವವಾಗಲು ವಾರಗಳು ಬೇಕು. ಈ ಅವಧಿಯಲ್ಲಿ ರೆಸಿನ್ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಬೇಗ ಬಣ್ಣ ಹೊಡೆದರೆ ಒಳಗಿನ ಮ್ಯಾಟ್‌ನ ಎಳೆಗಳ ಗುರುತು ಮೇಲೆ ಮೂಡುತ್ತದೆ. ಹಾಗಾಗಿ ಪ್ಯಾನೆಲ್‌ಗಳನ್ನು ಚಾಸಿಗೆ ಸಡಿಲವಾಗಿ ಕೂರಿಸಿ, ಸರಿಯಾದ ಆಕಾರದಲ್ಲಿ, ಬೆಚ್ಚಗಿನ ಗಾಳಿಯಾಡುವ ಜಾಗದಲ್ಲಿ ಬಿಡುವುದು ಲೇಸು.

ತೊಳೆದ ಮೇಲೆ ಉಜ್ಜು

ಅಚ್ಚಿಗೆ ಹಚ್ಚಿದ ಮೇಣ ಪ್ಯಾನೆಲ್‌ಗೂ ಅಂಟಿರುತ್ತದೆ. ಮೊದಲೇ ಉಜ್ಜಿದರೆ ಮೇಣ ಗೀರುಗಳ ಒಳಗೆ ಸೇರಿ, ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಬಿಟ್ಟುಕೊಳ್ಳುತ್ತದೆ. ಸೋಪು ನೀರಿನಲ್ಲಿ ತೊಳೆದು, ಮೇಣ ತೆಗೆಯುವ ದ್ರಾವಣದಿಂದ ಒರೆಸಿ, ಬಟ್ಟೆಯನ್ನು ಆಗಾಗ ಬದಲಿಸಬೇಕು. ಆಮೇಲೆ ಉಜ್ಜುವ ಕೆಲಸ.

ತಗ್ಗುಗಳಿಗೆ ಪಾಲಿಯೆಸ್ಟರ್ ಪುಟ್ಟಿ ಹಾಕಿ 80 ನಂಬರ್ ಕಾಗದದಿಂದ ಸಮ ಮಾಡಿ, 180, 320 ಎಂದು ನುಣುಪಿಗೆ ಹೋಗಬೇಕು. ಕೈಬೆರಳಿನಲ್ಲಿ ಒತ್ತಿ ಉಜ್ಜಿದರೆ ಅಲೆ ಬೀಳುತ್ತದೆ; ಉದ್ದನೆಯ ಮರದ ತುಂಡಿಗೆ ಕಾಗದ ಸುತ್ತಿ ಉಜ್ಜಬೇಕು. ಸೂಜಿಮೊನೆಯಷ್ಟು ರಂಧ್ರ ಕಂಡರೆ ಬಾಯಿ ಅಗಲ ಮಾಡಿ ತುಂಬಬೇಕು. ಮೇಲೆ ಸವರಿದರೆ ಒಳಗಿನ ಗಾಳಿ ಬಿಸಿಲಿಗೆ ಹಿಗ್ಗಿ ಗುಳ್ಳೆ ಏಳುತ್ತದೆ. ಎಳೆ ಹೊರಬಿದ್ದ ಕಡೆ ನೀರು ಹಾಕಿ ಉಜ್ಜಬಾರದು. ಎಳೆಗಳು ನೀರು ಕುಡಿಯುತ್ತವೆ. ಪ್ರೈಮರ್ ಮುಚ್ಚಿದ ಮೇಲೆಯೇ ವಾಟರ್ ಪೇಪರ್.

ಪ್ರೈಮರ್ ಮತ್ತು ಬಣ್ಣ

ಎಪಾಕ್ಸಿ ಪ್ರೈಮರ್ ತೇವವನ್ನು ತಡೆಯುತ್ತದೆ. ಅದರ ಮೇಲೆ ದಪ್ಪ ಪ್ರೈಮರ್ ಹೊಡೆದು, ತೆಳುವಾಗಿ ಕಪ್ಪು ಬಣ್ಣ ಸಿಂಪಡಿಸಿ ಉಜ್ಜಿದರೆ ತಗ್ಗಿನಲ್ಲಿ ಕಪ್ಪು ಉಳಿದು ಕಣ್ಣಿಗೆ ಬೀಳುತ್ತದೆ. ಬಣ್ಣ ತಿಳಿಯಾದಷ್ಟೂ ಒಳ್ಳೆಯದು. ಕಡುಬಣ್ಣ ಬಿಸಿಲನ್ನು ಹೀರಿ ಪ್ಯಾನೆಲ್ ಕಾಯುತ್ತದೆ, ಎಳೆಯ ಗುರುತು ಬೇಗ ಕಾಣುತ್ತದೆ. ಹಳೆ ಬಣ್ಣ ತೆಗೆಯಲು ಲೋಹಕ್ಕೆ ಬಳಸುವ ಪೇಂಟ್ ರಿಮೂವರ್ ಬೇಡ. ಅದು ರೆಸಿನ್ನನ್ನೇ ತಿನ್ನುತ್ತದೆ.

ಹಿಂಬದಿ ಮರೆಯಬಾರದು

ಚಕ್ರ ಎಸೆದ ಕಲ್ಲು ಒಳಗಿನಿಂದ ಬಡಿದರೆ ಹೊರಗೆ ನಕ್ಷತ್ರದಂತೆ ಬಿರುಕು ಬಿಡುತ್ತದೆ. ಮಡ್‌ಗಾರ್ಡ್ ಒಳಭಾಗಕ್ಕೆ ಇನ್ನೊಂದು ಪದರ ಮ್ಯಾಟ್, ಮೇಲೆ ರಬ್ಬರಿನಂಥ ಅಂಡರ್‌ಕೋಟ್ ಹಾಕುವುದು ಕ್ಷೇಮ. ಕತ್ತರಿಸಿದ ಅಂಚಿಗೂ ಕೊರೆದ ತೂತಿಗೂ ರೆಸಿನ್ ಹಚ್ಚಿ ಮುಚ್ಚಬೇಕು. ಬೋಲ್ಟ್‌ಗೆ ಅಗಲ ವಾಷರ್ ಇರಲಿ, ವಿಪರೀತ ಬಿಗಿ ಬೇಡ. ಬಿರುಕಿಗೆ ಬರೀ ಪುಟ್ಟಿ ನಿಲ್ಲುವುದಿಲ್ಲ. ಹಿಂದಿನಿಂದ ಮ್ಯಾಟ್ ಹಾಕಿ ಬಲಪಡಿಸಿ, ಮುಂದೆ ಬಿರುಕನ್ನು ಇಳಿಜಾರಾಗಿ ಕೊರೆದು ತುಂಬಬೇಕು. ಫೈಬರ್‌ನಲ್ಲಿ ಕರೆಂಟ್ ಹರಿಯದು. ಪ್ರತಿ ದೀಪಕ್ಕೂ ಬೇರೆ ಅರ್ತ್ ವೈರ್ ಬೇಕು.

ಮೈಮೇಲೆ ಎಚ್ಚರ

ಗಾಜಿನ ಧೂಳು ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದ್ದು. ಎನ್-95 ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಕಡ್ಡಾಯ. ಎಂ.ಇ.ಕೆ.ಪಿ. ಹಾರ್ಡನರ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ತಕ್ಷಣ ಕನಿಷ್ಠ 15 ನಿಮಿಷ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಹಾರ್ಡನರ್ ಮತ್ತು ಕೋಬಾಲ್ಟ್ ಎರಡನ್ನೂ ನೇರವಾಗಿ ಬೆರೆಸಿದರೆ ಸ್ಫೋಟವಾಗುತ್ತದೆ. ಟು-ಪ್ಯಾಕ್ ಪಾಲಿಯುರಿಥೇನ್ ಬಣ್ಣದಲ್ಲಿ ಐಸೊಸಯನೇಟ್ ಇರುವುದರಿಂದ ಧೂಳಿನ ಮಾಸ್ಕ್ ಸಾಲದು. ಹೊರಗಿನಿಂದ ಗಾಳಿ ಪೂರೈಸುವ ಮಾಸ್ಕ್ ಇರುವ ಪೇಂಟಿಂಗ್ ಶಾಪ್‌ಗೆ ಒಪ್ಪಿಸುವುದೇ ಜಾಣತನ.

ಕಾನೂನು

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಹ ಹೀಗೆಯೇ ತೀರ್ಪು ನೀಡಿದೆ. ಇದು ಕೇಂದ್ರದ ಕಾಯ್ದೆ. ಗಡಿಯ ಈಚೆಗೂ ಆಚೆಗೂ ಒಂದೇ. ಆದ್ದರಿಂದ ಹಳೆ ಕಾರಿಗೆ ಹೊಸ ಬಾಡಿ ಕೂರಿಸುವ ಆಸೆ ಇದ್ದವರು ರೆಸಿನ್ ಡಬ್ಬ ತೆರೆಯುವ ಮುನ್ನ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಬೇಕು. ರಸ್ತೆಗಿಳಿಯಲಾಗದ ಕಾರಿಗೆ ಎಷ್ಟು ಹೊಳಪಿದ್ದರೂ ಅದು ಕೊಟ್ಟಿಗೆಯಲ್ಲೇ ಉಳಿಯುತ್ತದೆ.