ಆಶ್ರಿತರ ಆರೈಕೆಯ ಗುಣವನ್ನು ಅಳೆಯುವ ಬಗೆ: ಬಳ್ಳಾರಿ ಸೀಮೆಯಿಂದ ಒಂದು ವಿಚಾರ

1

ವೃದ್ಧರು, ರೋಗಿಗಳು, ದಿಕ್ಕಿಲ್ಲದವರು ಒಂದು ಸಂಸ್ಥೆಯ ಆಶ್ರಯದಲ್ಲಿ ಬಾಳುವಾಗ ಅವರಿಗೆ ದೊರೆಯುವ ಆರೈಕೆ ಒಳ್ಳೆಯದೋ ಅಲ್ಲವೋ ಎಂಬುದನ್ನು ಯಾವ ಪ್ರಮಾಣದಿಂದ ನಿರ್ಣಯಿಸಬೇಕು? ಇದು ಆಡಳಿತಗಾರರ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರಿದರೂ ವಸ್ತುತಃ ಇತಿಹಾಸದ ವಿದ್ಯಾರ್ಥಿಗೂ ಸಂಬಂಧಿಸಿದುದಾಗಿದೆ. ದಾನಶಾಸನ, ಸರ್ಕಾರಿ ವರದಿ, ಸಂಸ್ಥೆಯ ದಾಖಲೆಪುಸ್ತಕ ಇವುಗಳನ್ನು ಓದುವಾಗ ಅವು ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು ಎಂಬ ವಿವೇಚನೆಯನ್ನು ನಾವು ಮಾಡಲೇಬೇಕಾಗುತ್ತದೆ.

ಮೊದಲು ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಉಚಿತ. ನಮ್ಮ ಊರುಗಳಲ್ಲಿ ‘ನರ್ಸಿಂಗ್ ಹೋಂ’ ಎಂದರೆ ಖಾಸಗಿಯಾದ ಚಿಕ್ಕ ಆಸ್ಪತ್ರೆ. ಪಾಶ್ಚಾತ್ಯ ದೇಶಗಳಲ್ಲಾದರೋ ತಮ್ಮನ್ನು ತಾವು ನೋಡಿಕೊಳ್ಳಲಾರದ ವೃದ್ಧರೂ ದೀರ್ಘರೋಗಿಗಳೂ ಬಹುಕಾಲ ವಾಸಮಾಡುವ ಮನೆಗೆ ಆ ಹೆಸರು ಸಲ್ಲುತ್ತದೆ. ನಮ್ಮಲ್ಲಿ ಅದಕ್ಕೆ ಸಮೀಪವಾದುದು ವೃದ್ಧಾಶ್ರಮ. ಪ್ರಕೃತ ಲೇಖನದಲ್ಲಿ ಈ ಎರಡನೆಯ ಅರ್ಥವನ್ನೇ ಇಟ್ಟುಕೊಂಡು, ಆ ಬಗೆಯ ಆಶ್ರಯಸ್ಥಾನಗಳನ್ನು ಕುರಿತ ಕೆಲವು ಹಳೆಯ ಆಧಾರಗಳನ್ನು ಪರಿಶೀಲಿಸುತ್ತೇವೆ.

ಬಳ್ಳಾರಿಗೆ ಸಮೀಪದ ಸಂಗನಕಲ್ಲು ಈ ವಿಚಾರಕ್ಕೆ ಒಂದು ಪಾಠವನ್ನು ಒದಗಿಸುತ್ತದೆ. ಬಿ. ಸುಬ್ಬರಾಯರು 1948ರಲ್ಲಿ ಪ್ರಕಟಿಸಿದ ಬಳ್ಳಾರಿ ಸೀಮೆಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ಗ್ರಂಥ, 1964-65ರಲ್ಲಿ ಝಡ್. ಡಿ. ಅನ್ಸಾರಿ ಮತ್ತು ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನ, ಅನಂತರದ ಸಂಶೋಧನೆಗಳು, ಇವುಗಳಿಂದ ಅಲ್ಲಿನ ನವಶಿಲಾಯುಗದ ಜನರ ಬಾಳು ತಕ್ಕಮಟ್ಟಿಗೆ ವಿದಿತವಾಗಿದೆ. ಆ ಜನ ಒಂದಕ್ಷರವನ್ನೂ ಬರೆದಿಡಲಿಲ್ಲ. ಆದರೂ ಸುಟ್ಟು ಕರಿಯಾಗಿ ಉಳಿದ ಕಾಳುಗಳಿಂದ ಅವರು ಹುರುಳಿ, ಹೆಸರು, ಕೊರಲೆಗಳನ್ನು ಉಣ್ಣುತ್ತಿದ್ದರೆಂದು ಬಲ್ಲೆವು; ಕಲ್ಲಿನ ಚಕ್ಕೆಗಳ ರಾಶಿಯಿಂದ ಅವರು ಕೊಡಲಿಗಳನ್ನು ತಯಾರಿಸುತ್ತಿದ್ದ ತಾಣಗಳನ್ನು ಗುರುತಿಸಬಲ್ಲೆವು. ಅಲ್ಲಿ ಪ್ರಮಾಣವಾಗುವುದು ಜನರು ನಿಜವಾಗಿ ಉಂಡ ಮತ್ತು ಮಾಡಿದ ವಸ್ತುಗಳ ಅವಶೇಷ. ಆಶ್ರಯಸ್ಥಾನಗಳ ಸ್ಥಿತಿ ಇದಕ್ಕೆ ವಿಪರೀತ. ಬರೆಹ ಹೇರಳವಾಗಿದೆ, ಆದರೆ ಅದನ್ನು ಬರೆಸಿದವರು ಕೊಟ್ಟವರೇ ಹೊರತು ಪಡೆದವರಲ್ಲ.

2

ಪಡೆದವನ ಮಾತಿಗೆ ನಮ್ಮ ಪ್ರಾಚೀನ ವೈದ್ಯಶಾಸ್ತ್ರದಲ್ಲಿ ಸ್ಥಾನವಿರಲಿಲ್ಲವೆಂದು ಭಾವಿಸುವುದು ಸರಿಯಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ತಾನು ನೋಡಿಕೊಳ್ಳುವವನಲ್ಲಿ ಪ್ರೀತಿ, ಶುಚಿತ್ವ ಇವು ಇರಬೇಕು. ರೋಗಿಯ ಗುಣಗಳಲ್ಲಿ ಸ್ಮೃತಿ, ಹೇಳಿದಂತೆ ನಡೆಯುವಿಕೆ, ನಿರ್ಭಯತೆ ಇವುಗಳೊಡನೆ ತನ್ನ ಬಾಧೆಯನ್ನು ತಿಳಿಯಪಡಿಸುವ ಶಕ್ತಿಯೂ ಸೇರಿದೆ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಪರಿಚಾರಕನು ವೈದ್ಯನ ಕೈಯಾಳಲ್ಲ, ಸ್ವತಂತ್ರವಾದ ಒಂದು ಪಾದ. ರೋಗಿಯಾದರೂ ಉಪಚಾರವನ್ನು ಸುಮ್ಮನೆ ಸ್ವೀಕರಿಸುವ ವಸ್ತುವಲ್ಲ. ಅವನು ಹೇಳಬೇಕು, ಹೇಳಲು ಅಂಜಬಾರದು. ಈ ಎರಡು ಅಂಶಗಳನ್ನು ಒರೆಗಲ್ಲಾಗಿ ಇಟ್ಟುಕೊಂಡು ಮುಂದಿನ ಆಧಾರಗಳನ್ನು ನೋಡಬಹುದು.

3

ಕನ್ನಡ ನಾಡಿನಲ್ಲಿ ಆಶ್ರಿತರ ಪೋಷಣೆಗೆ ದೊರೆಯುವ ಪ್ರಸಿದ್ಧ ಪ್ರಮಾಣ ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ ಕ್ರಿ. ಶ. 1162ರ ಶಾಸನ. ಇದು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅಚ್ಚಾಗಿದೆ. ಕಳಚುರಿ ಬಿಜ್ಜಳನ ಕಾಲದ ಈ ಶಾಸನ ಕಾಳಾಮುಖ ಗುರುಗಳ ಆ ಮಠವನ್ನು ವೇದ, ವ್ಯಾಕರಣ, ದರ್ಶನಗಳ ವ್ಯಾಖ್ಯಾನಸ್ಥಾನವೆಂದು ಬಣ್ಣಿಸಿ, ದೀನರಿಗೂ ಅನಾಥರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ ಅನ್ನದಾನದ ಸ್ಥಾನವೆಂದೂ ನಾನಾ ರೋಗಿಗಳ ಚಿಕಿತ್ಸೆಯ ಸ್ಥಾನವೆಂದೂ ಸಕಲ ಪ್ರಾಣಿಗಳ ಅಭಯಸ್ಥಾನವೆಂದೂ ಕೊಂಡಾಡುತ್ತದೆ. ಇಂಥ ಆದರ್ಶ ಹನ್ನೆರಡನೆಯ ಶತಮಾನದಲ್ಲಿ ಸಜೀವವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಷ್ಟು ರೋಗಿಗಳಿದ್ದರು, ಅವರನ್ನು ನೋಡಿಕೊಳ್ಳುತ್ತಿದ್ದವರೆಷ್ಟು ಮಂದಿ ಎಂಬ ಪ್ರಶ್ನೆಗೆ ಈ ವರ್ಣನೆ ಉತ್ತರ ಕೊಡುವುದಿಲ್ಲ. ಪ್ರಶಸ್ತಿಯನ್ನು ದಿನಚರಿಯೆಂದು ಓದಿದರೆ ಪ್ರಮಾದವಾದೀತು.

ಇದರೊಡನೆ ನೆರೆನಾಡಿನ ಒಂದು ಶಾಸನವನ್ನು ಹೋಲಿಸಬೇಕು. ಕಾಂಚೀಪುರದ ಬಳಿಯ ತಿರುಮುಕ್ಕೂಡಲಿನಲ್ಲಿರುವ, ಚೋಳ ವೀರರಾಜೇಂದ್ರನ ಕಾಲದ, ಸುಮಾರು ಕ್ರಿ. ಶ. 1068-69ರ ಶಾಸನ ಅಲ್ಲಿನ ಆಸ್ಪತ್ರೆಗೆ 15 ಹಾಸಿಗೆಗಳನ್ನು ಗೊತ್ತುಪಡಿಸುತ್ತದೆ. ವೈದ್ಯನೊಬ್ಬ, ಶಸ್ತ್ರಚಿಕಿತ್ಸಕನೊಬ್ಬ, ಗಿಡಮೂಲಿಕೆ ತರುವವರಿಬ್ಬರು, ರೋಗಿಗಳನ್ನು ನೋಡಿಕೊಳ್ಳುವ ಹೆಂಗಸರಿಬ್ಬರು, ಕ್ಷೌರಿಕನೊಬ್ಬ, ನೀರಿನವನೊಬ್ಬ, ಹೀಗೆ ಎಂಟು ಮಂದಿಗೆ ಜೀವಿತವನ್ನು ವಿಧಿಸಿದೆ. ರೋಗಿಗಳ ಅಕ್ಕಿಯ ಪ್ರಮಾಣ, ಸಂಗ್ರಹದಲ್ಲಿರಬೇಕಾದ ಔಷಧಗಳ ಹೆಸರು, ರಾತ್ರಿ ಉರಿಯಬೇಕಾದ ದೀಪದ ಎಣ್ಣೆ ಎಲ್ಲವೂ ಅಲ್ಲಿ ಉಕ್ತವಾಗಿವೆ. ಆ ಆಸ್ಪತ್ರೆ ದೇವಾಲಯದ ಪರಿವಾರಕ್ಕೂ ಅಲ್ಲಿನ ವಿದ್ಯಾರ್ಥಿಗಳಿಗೂ ಮೀಸಲಾಗಿತ್ತೆಂಬುದನ್ನು ಮರೆಯಬಾರದು. ಆದರೂ ಕೋಡಿಯ ಮಠದ ಶಾಸನಕ್ಕಿಲ್ಲದ ಒಂದು ಗುಣ ಇದಕ್ಕಿದೆ: ಇದನ್ನು ಹಿಡಿದು ಲೆಕ್ಕ ಕೇಳಬಹುದು. ಎರಡನೆಯ ಪರಿಚಾರಿಕೆ ಏಕಿಲ್ಲ, ದೀಪವೇಕೆ ಉರಿಯುತ್ತಿಲ್ಲ ಎಂದು ಪ್ರಶ್ನಿಸಲು ಕಲ್ಲಿನ ಮೇಲೆ ಆಧಾರವುಂಟು. ರಾತ್ರಿಯ ದೀಪ, ಕ್ಷೌರ, ನೀರು ಇವು ಹೊರಗಿನವರಿಗೆ ಅಲ್ಪವೆಂದು ತೋರಿದರೂ ಹಾಸಿಗೆ ಹಿಡಿದವರಿಗೆ ಅಲ್ಪವಲ್ಲ.

ಆದರೆ ವಿಧಿಸಿದ್ದು ಬೇರೆ, ಮುಟ್ಟಿದ್ದು ಬೇರೆ. ಅಳೆದ ಅಕ್ಕಿ ರೋಗಿಯ ತಟ್ಟೆಗೆ ಬಂದಿತೇ ಎಂಬುದಕ್ಕೆ ಈ ಶಾಸನವೂ ಸಾಕ್ಷಿಯಾಗದು.

4

ಕೊಟ್ಟದ್ದಕ್ಕೂ ಮುಟ್ಟಿದ್ದಕ್ಕೂ ಇರುವ ಅಂತರ ಬಳ್ಳಾರಿ ಸೀಮೆಯಲ್ಲಿ ಅತ್ಯಂತ ದಾರುಣವಾಗಿ ಪ್ರಕಟವಾದುದು 1876-78ರ ಕ್ಷಾಮದಲ್ಲಿ. ಧಾತು, ಈಶ್ವರ ಸಂವತ್ಸರಗಳ ಬರವೆಂದು ಕನ್ನಡಿಗರು ನೆನೆಯುವುದು ಇದನ್ನೇ. ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. 1871 ಮತ್ತು 1881ರ ಜನಗಣತಿಗಳ ನಡುವೆ ಅದರ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಕುಗ್ಗಿತು. ಕೆಲಸ ಮಾಡಬಲ್ಲವರಿಗೆ ಕಾಮಗಾರಿಗಳೂ, ಮಾಡಲಾರದ ವೃದ್ಧರು, ರೋಗಿಗಳು, ಮಕ್ಕಳಿಗೆ ಪರಿಹಾರ ಶಿಬಿರಗಳೂ ಏರ್ಪಟ್ಟವು.

1877ರ ಆದಿಯಲ್ಲಿ ವೈಸರಾಯ್ ಲಿಟ್ಟನ್ನನ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಸ್ವಲ್ಪ ಚಿಲ್ಲರೆ ಹಣಕ್ಕೆ ಇಳಿಸಿದ. ಒಂದು ಪೌಂಡೆಂದರೆ ಇಂದಿನ ಲೆಕ್ಕದಲ್ಲಿ ಸುಮಾರು 450 ಗ್ರಾಂ. ಮದರಾಸಿನ ಆರೋಗ್ಯಾಧಿಕಾರಿ ಡಾ. ಡಬ್ಲ್ಯು. ಆರ್. ಕಾರ್ನಿಶ್ ಇದನ್ನು ಪ್ರಬಲವಾಗಿ ವಿರೋಧಿಸಿದ. ದುಡಿಯುವ ದೇಹಕ್ಕೆ ಒಂದೂವರೆ ಪೌಂಡು ಧಾನ್ಯವಾದರೂ ಬೇಕು, ಅದರೊಡನೆ ಬೇಳೆಕಾಳೂ ತರಕಾರಿಯೂ ಬೇಕು ಎಂಬುದು ಅವನ ವಾದ. 1877ರ ಮೇ ತಿಂಗಳಲ್ಲಿ ಪಡಿಯನ್ನು ಸ್ವಲ್ಪ ಹೆಚ್ಚಿಸಿ ಬೇಳೆಯನ್ನೂ ಸೇರಿಸಲಾಯಿತು. ಧಾನ್ಯದೊಡನೆ ದ್ವಿದಳವಿರಬೇಕೆಂಬ ಈ ಮಾತು ಸೀಮೆಗೆ ಹೊಸದಲ್ಲ. ಸಂಗನಕಲ್ಲಿನ ಕೊರಲೆ, ಹುರುಳಿಗಳೂ ಅದನ್ನೇ ಹೇಳುತ್ತವೆ.

ಈ ವಿವಾದ ಮುಖ್ಯವಾಗಿ ಕೂಲಿಯನ್ನು ಕುರಿತದ್ದಾದರೂ ಶಿಬಿರದ ಆರೈಕೆಗೂ ಸಂಬಂಧಿಸಿದೆ. ಕಾಮಗಾರಿಯಲ್ಲಿ ಕುಸಿದವರು ಕಡೆಗೆ ಬಂದು ಸೇರುತ್ತಿದ್ದುದು ಶಿಬಿರಕ್ಕೇ. ಇಬ್ಬರೂ ಅಧಿಕಾರಿಗಳ ಅಳತೆಗೋಲುಗಳಲ್ಲಿಯೇ ಭೇದವಿತ್ತೆಂಬುದು ನಮಗೆ ಮುಖ್ಯ. ಟೆಂಪಲ್ ನೋಡಿದ್ದು ಖರ್ಚನ್ನು. ಕಾರ್ನಿಶ್ ನೋಡಿದ್ದು ಸೊರಗಿದ ದೇಹಗಳನ್ನೂ ಮರಣದ ಲೆಕ್ಕವನ್ನೂ. ಆರೈಕೆಯನ್ನು ಅದರ ಫಲದಿಂದ ಅಳೆಯಬೇಕೆಂಬ ತತ್ತ್ವ ನಮ್ಮ ಸೀಮೆಯ ದಾಖಲೆಗಳಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಇಲ್ಲಿ.

ಈ ಅಳತೆಗೂ ಒಂದು ತೊಡಕುಂಟು. ಶಿಬಿರಕ್ಕೆ ಬಂದವರಲ್ಲಿ ಅನೇಕರು ಆಗಲೇ ಸಾವಿನ ಅಂಚಿನಲ್ಲಿದ್ದರು. ಮದರಾಸಿನ ಪರಿಹಾರ ಶಿಬಿರದಲ್ಲಿ ಸತ್ತವರ ದೇಹಗಳನ್ನು ಪರೀಕ್ಷಿಸಿದ ಡಾ. ಅಲೆಕ್ಸಾಂಡರ್ ಪೋರ್ಟರ್ ಆ ಕ್ಷಾಮದ ರೋಗಗಳನ್ನು ಕುರಿತು 1889ರಲ್ಲಿ ಗ್ರಂಥವನ್ನು ಪ್ರಕಟಿಸಿದ. ದೀರ್ಘ ಉಪವಾಸದಿಂದ ಕರುಳು ಕ್ಷಯಿಸಿದವರಿಗೆ ತಡವಾಗಿ ಕೊಟ್ಟ ಅನ್ನ ಹತ್ತುತ್ತಿರಲಿಲ್ಲವೆಂಬುದು ಅಂದಿನ ವೈದ್ಯರ ಅನುಭವ. ಹಾಗಾದರೆ ಮರಣಸಂಖ್ಯೆಯೊಂದನ್ನೇ ಹಿಡಿದು ಶಿಬಿರವನ್ನು ದೂಷಿಸುವುದು ನ್ಯಾಯವೇ? ಅಲ್ಲ. ಬಂದವರೆಲ್ಲ ಸಾಯುವ ಸ್ಥಿತಿಯಲ್ಲಿಯೇ ಇದ್ದರೆಂದು ಹೇಳಿ ಶಿಬಿರವನ್ನು ದೋಷಮುಕ್ತವೆನ್ನುವುದು ನ್ಯಾಯವೇ? ಅದೂ ಅಲ್ಲ. ಒಳಗೆ ಬಂದ ದಿನದ ಸ್ಥಿತಿಯನ್ನು ಬರೆದಿಟ್ಟು, ಅಲ್ಲಿಂದ ಮುಂದೆ ಆದ ಏರಿಳಿತವನ್ನು ನೋಡುವುದೊಂದೇ ನ್ಯಾಯವಾದ ಮಾರ್ಗ. ಇಂದಿನ ವೃದ್ಧಾಶ್ರಮಕ್ಕೂ ಇದು ಅಕ್ಷರಶಃ ಅನ್ವಯಿಸುತ್ತದೆ. ಹಾಸಿಗೆ ಹಿಡಿದವರನ್ನು ಸೇರಿಸಿಕೊಳ್ಳುವ ಮನೆಯಲ್ಲಿ ಸಾವು ಹೆಚ್ಚು. ನಡೆದಾಡುವವರನ್ನು ಮಾತ್ರ ಆರಿಸಿಕೊಳ್ಳುವ ಮನೆಯಲ್ಲಿ ಕಡಿಮೆ. ಸಂಖ್ಯೆಯನ್ನು ಮಾತ್ರ ನೋಡಿದರೆ ಕಷ್ಟದ ಕೆಲಸ ಮಾಡುವವನು ಕೆಟ್ಟವನೆನಿಸುತ್ತಾನೆ.

ಪಡೆದವರ ಮಾತು ಈ ದಾಖಲೆಗಳಲ್ಲಿ ವಿರಳವೆಂದೆವು. ಆದರೂ ಅವರು ಮೂಕರಾಗಿರಲಿಲ್ಲ. ಮುಂಬಯಿ ಆಧಿಪತ್ಯದಲ್ಲಿ ಪಡಿ ಇಳಿದಾಗ ಸಹಸ್ರಾರು ಜನ ಕಾಮಗಾರಿಗಳನ್ನು ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಅಹವಾಲನ್ನು ಸರ್ಕಾರದ ಮುಂದಿಟ್ಟಿತು. ಹಸಿದವನು ಅನ್ನ ಸಿಗುವ ಸ್ಥಳವನ್ನೇ ತೊರೆದು ಹೋಗುತ್ತಾನೆಂದರೆ ಅದೂ ಒಂದು ಸಾಕ್ಷ್ಯವೇ. ಆದರೆ ಕಾಲಲ್ಲಿ ಶಕ್ತಿಯಿದ್ದವರು ಮಾತ್ರ ಈ ಸಾಕ್ಷ್ಯವನ್ನು ನುಡಿಯಬಲ್ಲರು. ಶಿಬಿರದ ಚಾಪೆಯ ಮೇಲಿದ್ದವರಿಗೆ ಆ ಅವಕಾಶವಿರಲಿಲ್ಲ. ಇಂದಿನ ವೃದ್ಧಾಶ್ರಮದಲ್ಲಿ ಬೇರೆ ಮನೆಯಿಲ್ಲದವರಿಗೂ ಅದಿಲ್ಲ. ಆದಕಾರಣ ಯಾರೂ ದೂರು ಹೇಳಲಿಲ್ಲವೆಂಬುದನ್ನು ತೃಪ್ತಿಯ ಲಕ್ಷಣವೆಂದು ಎಣಿಸತಕ್ಕದ್ದಲ್ಲ.

5

ವೈದ್ಯಕೀಯ ಆರೈಕೆಯ ಗುಣವನ್ನು ಕುರಿತು ಅವೆದಿಸ್ ಡೊನಾಬೆಡಿಯನ್ 1966ರಲ್ಲಿ ಪ್ರಕಟಿಸಿದ ಪ್ರಬಂಧ ಈ ಶಾಸ್ತ್ರಕ್ಕೆ ತಳಹದಿಯಾಗಿದೆ. ಅವರು ಸೂಚಿಸಿದ ಮೂರು ಮುಖಗಳು: ಸಂಸ್ಥೆಯ ರಚನೆ, ಆರೈಕೆಯ ಕ್ರಮ, ಅದರ ಫಲ. ನಾವು ನೋಡಿದ ಆಧಾರಗಳನ್ನು ಈ ಚೌಕಟ್ಟಿನಲ್ಲಿಟ್ಟರೆ ತಿರುಮುಕ್ಕೂಡಲಿನ ಶಾಸನ ರಚನೆಯನ್ನೂ, ಕಾರ್ನಿಶನ ವಾದ ಫಲವನ್ನೂ ಹಿಡಿಯುತ್ತವೆ. ನಡುವಿನ ಕ್ರಮ, ಎಂದರೆ ಒಬ್ಬರು ಇನ್ನೊಬ್ಬರನ್ನು ಎತ್ತಿ ಕೂರಿಸುವ, ಉಣಿಸುವ, ಶುಚಿಮಾಡುವ, ಮಾತನಾಡಿಸುವ ನಿತ್ಯದ ಕೆಲಸ, ಎರಡರಲ್ಲಿಯೂ ಜಾರಿಹೋಗಿದೆ. ಚರಕನು ಪರಿಚಾರಕನಿಗೆ ಹೇಳಿದ ಪ್ರೀತಿ ನೆಲೆಸಬೇಕಾದುದು ಅಲ್ಲಿಯೇ.

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣವನ್ನು ಕುರಿತ 2007ರ ಕೇಂದ್ರ ಕಾಯಿದೆಯ 19ನೆಯ ಪ್ರಕರಣ ಪ್ರತಿ ಜಿಲ್ಲೆಯಲ್ಲಿಯೂ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ಆಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದೆಂದು ಹೇಳುತ್ತದೆ. ಅಲ್ಲಿನ ಸೇವೆಯ ಮಟ್ಟವನ್ನು ಗೊತ್ತುಪಡಿಸುವ ಅಧಿಕಾರವನ್ನೂ ಕೊಡುತ್ತದೆ. ಮಟ್ಟವನ್ನು ಗೊತ್ತುಪಡಿಸುವವರಿಗೂ ಪರಿಶೀಲಿಸುವವರಿಗೂ ಇತಿಹಾಸದಿಂದ ನಾಲ್ಕು ಸೂಚನೆಗಳು ದೊರೆಯುತ್ತವೆ.

ಒಂದು: ವಾಗ್ದಾನವು ಲೆಕ್ಕ ಕೇಳಲು ಬರುವಂತಿರಬೇಕು. ‘ಉತ್ತಮ ಸೇವೆ’ ಎಂಬುದು ಪ್ರಶಸ್ತಿ. ‘ರಾತ್ರಿ ಇಷ್ಟು ಜನರಿಗೆ ಒಬ್ಬ ಪರಿಚಾರಕ’ ಎಂಬುದು ಅಳತೆ. ಎರಡು: ಪಡಿಯನ್ನು ಉಗ್ರಾಣದಲ್ಲಿ ಅಳೆಯದೆ ತಟ್ಟೆಯಲ್ಲಿ ಅಳೆಯಬೇಕು, ತಿಂಗಳಿಗೊಮ್ಮೆ ನಿವಾಸಿಗಳ ತೂಕವನ್ನು ಬರೆದಿಡುವುದು ಇದಕ್ಕೆ ಸುಲಭವಾದ ಸಾಧನ. ಮೂರು: ಫಲವನ್ನು ಸೇರಿದ ದಿನದ ಸ್ಥಿತಿಯೊಡನೆ ಹೋಲಿಸಿಯೇ ನಿರ್ಣಯಿಸಬೇಕು. ನಾಲ್ಕು: ನಿವಾಸಿಯ ಮಾತನ್ನು ಆಡಳಿತದವರು ಎದುರಿಗಿಲ್ಲದ ವೇಳೆಯಲ್ಲಿ, ಅವನದೇ ನುಡಿಯಲ್ಲಿ ಕೇಳಿ ಬರೆದುಕೊಳ್ಳಬೇಕು. ನಿರ್ಭಯತೆಯನ್ನು ಚರಕನು ರೋಗಿಯ ಗುಣವೆಂದು ಹೇಳಿದ್ದರೂ ಅದನ್ನು ಉಂಟುಮಾಡುವ ಹೊಣೆ ಸಂಸ್ಥೆಯದು.

ಇವುಗಳಲ್ಲಿ ಕಡೆಯದೇ ದುರ್ಲಭವಾದುದು. ಅದರ ಅಭಾವದಿಂದಲೇ ಹಿಂದಿನ ಆಶ್ರಯಸ್ಥಾನಗಳನ್ನು ಕುರಿತ ನಮ್ಮ ತೀರ್ಮಾನಗಳು ಅರ್ಧಕ್ಕೇ ನಿಲ್ಲುತ್ತವೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ಕಾಲೇಜುಗಳ ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ತಮ್ಮ ಸಮೀಪದ ಆಶ್ರಮಗಳ ವೃದ್ಧರ ಮಾತುಗಳನ್ನು, ಅವರ ಒಪ್ಪಿಗೆ ಪಡೆದು, ಹೆಸರನ್ನು ಮರೆಮಾಡಿ ಸಂಗ್ರಹಿಸಿದಲ್ಲಿ ಎರಡು ಪ್ರಯೋಜನಗಳುಂಟು. ಇಂದು ಅಲ್ಲಿರುವವರ ಆರೈಕೆ ತಿದ್ದುಪಡಿಯಾದೀತು. ಮುಂದೆ ಇತಿಹಾಸ ಬರೆಯುವವರಿಗೆ ಕೊಟ್ಟವರ ಶಾಸನದೊಡನೆ ಪಡೆದವರ ಸಾಕ್ಷ್ಯವೂ ದೊರೆತೀತು.