ಉಪಗ್ರಹದ ಬಣ್ಣದ ಚಿತ್ರ ಇಷ್ಟು ಸ್ಪಷ್ಟವಾಗಿ ಮೂಡುವುದು ಹೇಗೆ?

ಉಪಗ್ರಹದ ಬಣ್ಣದ ಚಿತ್ರದಲ್ಲಿ ಹೊಲದ ಬದು, ಓಣಿ, ಮನೆಯ ಚಾವಣಿ ಕಂಡಾಗ ಮೊಬೈಲಿನಲ್ಲಿ ತೆಗೆದಂತೆ ಅದನ್ನೂ ಒಂದೇ ಕ್ಯಾಮೆರಾ ಒಂದೇ ಸಲ ಸೆರೆಹಿಡಿದಿದೆ ಎಂದುಕೊಳ್ಳುತ್ತೇವೆ. ಆದರೆ ಹಲವು ಸಲ ಅದು ಎರಡು ಚಿತ್ರಗಳನ್ನು ಬೆರೆಸಿ ಮಾಡಿದ್ದಾಗಿರುತ್ತದೆ. ಇದನ್ನು ಇಮೇಜ್ ಫ್ಯೂಷನ್, ಅಂದರೆ ಚಿತ್ರಗಳ ಬೆಸುಗೆ ಎನ್ನುತ್ತಾರೆ.

ಎರಡು ಚಿತ್ರಗಳು ಏಕೆ ಬೇಕು?

ನೂರಾರು ಕಿ.ಮೀ. ಎತ್ತರದಲ್ಲಿರುವ ಸೆನ್ಸರ್‌ಗೆ ನೆಲದಿಂದ ತಲುಪುವ ಬೆಳಕು ಸ್ವಲ್ಪವೇ. ಅದನ್ನು ಹಸಿರು, ಕೆಂಪು, ಅವಗೆಂಪು ಎಂದು ಬಿಡಿಸಿದರೆ ಒಂದೊಂದರ ಪಾಲಿಗೆ ಸಿಗುವುದು ಇನ್ನೂ ಕಡಿಮೆ. ಸಾಕಷ್ಟು ಬೆಳಕು ಸೇರಬೇಕಾದರೆ ಪ್ರತಿ ಪಿಕ್ಸೆಲ್ ನೆಲದ ಹೆಚ್ಚು ಜಾಗವನ್ನು ನೋಡಬೇಕು. ಬಣ್ಣ ಬೇರ್ಪಡಿಸದ ಕಪ್ಪು-ಬಿಳುಪು ಸೆನ್ಸರ್‌ಗೆ ಈ ತೊಂದರೆ ಕಡಿಮೆ. ಹಾಗಾಗಿ ಅದು ಸಣ್ಣ ವಿವರಗಳನ್ನೂ ಹಿಡಿಯಬಲ್ಲದು.

1995ರ ಡಿಸೆಂಬರ್ 28ರಂದು ಉಡಾವಣೆಯಾದ ಇಸ್ರೋದ ಐಆರ್‌ಎಸ್-1ಸಿ ಉಪಗ್ರಹವನ್ನೇ ನೋಡೋಣ. ಅದರ ಕಪ್ಪು-ಬಿಳುಪು ಕ್ಯಾಮೆರಾದ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 5.8 ಮೀಟರ್. ಬಣ್ಣಗಳನ್ನು ಅಳೆಯುವ ಲಿಸ್-3 ಕ್ಯಾಮೆರಾದ್ದು 23.5 ಮೀಟರ್, ಅಂದರೆ ಸುಮಾರು ಐದೂವರೆ ಗುಂಟೆ ಜಾಗಕ್ಕೆ ಒಂದೇ ಬಣ್ಣ. ಅಷ್ಟೇ ಜಾಗದಲ್ಲಿ ಕಪ್ಪು-ಬಿಳುಪು ಚಿತ್ರದ ಸುಮಾರು 16 ಪಿಕ್ಸೆಲ್‌ಗಳಿರುತ್ತವೆ.

ಬೆಸೆಯುವುದು ಹೇಗೆ?

ಮೊದಲು ಎರಡೂ ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಹೊಂದಿಸಬೇಕು. ಸ್ವಲ್ಪ ಜರುಗಿದರೂ ರಸ್ತೆಯ ಬಣ್ಣ ಪಕ್ಕದ ಹೊಲಕ್ಕೆ ಹರಡುತ್ತದೆ. ಆಮೇಲೆ ಬಣ್ಣದ ಪಿಕ್ಸೆಲ್ಲನ್ನು ಚಿಕ್ಕ ಚಿಕ್ಕ ಪಿಕ್ಸೆಲ್‌ಗಳಾಗಿ ಒಡೆದು, ಪ್ರತಿಯೊಂದರ ಹೊಳಪನ್ನು ಕಪ್ಪು-ಬಿಳುಪು ಚಿತ್ರ ನೋಡಿ ಏರಿಸುತ್ತಾರೆ ಇಲ್ಲವೇ ಇಳಿಸುತ್ತಾರೆ. ಬ್ರೋವಿ ವಿಧಾನ ಎಲ್ಲ ಬಣ್ಣಗಳನ್ನೂ ಒಂದೇ ಪ್ರಮಾಣದಲ್ಲಿ ಗುಣಿಸುತ್ತದೆ. ಐಎಚ್‌ಎಸ್ ವಿಧಾನ ಬಣ್ಣದಿಂದ ಹೊಳಪನ್ನು ಬೇರೆ ಮಾಡಿ, ಆ ಜಾಗದಲ್ಲಿ ಕಪ್ಪು-ಬಿಳುಪು ಚಿತ್ರವನ್ನು ಕೂರಿಸುತ್ತದೆ. ವೇವ್ಲೆಟ್ ವಿಧಾನ ಸೂಕ್ಷ್ಮ ವಿವರಗಳನ್ನಷ್ಟೇ ತೆಗೆದು ಸೇರಿಸುವುದರಿಂದ ಬಣ್ಣ ಕೆಡುವುದು ಕಡಿಮೆ.

ಬೆಸೆದ ಚಿತ್ರವನ್ನು ಎಷ್ಟು ನಂಬಬಹುದು?

ಪೈರಿನ ಆರೋಗ್ಯ ತಿಳಿಯಲು ಕೆಂಪು ಮತ್ತು ಅವಗೆಂಪು ಬೆಳಕನ್ನು ಹೋಲಿಸುತ್ತಾರೆ. ಒಂದು ದೊಡ್ಡ ಪಿಕ್ಸೆಲ್‌ನಲ್ಲಿ ಕೆಂಪು 40, ಅವಗೆಂಪು 120 ಇದೆ ಎನ್ನೋಣ. ಬ್ರೋವಿ ವಿಧಾನದಲ್ಲಿ ಅದರೊಳಗಿನ ಒಂದು ಚಿಕ್ಕ ಪಿಕ್ಸೆಲ್‌ನ ಹೊಳಪು ಎರಡು ಪಟ್ಟಾದರೆ ಈ ಅಂಕಿಗಳು 80 ಮತ್ತು 240 ಆಗುತ್ತವೆ. ಅನುಪಾತ ಮಾತ್ರ ಮೊದಲಿನಷ್ಟೇ, ಮೂರು ಪಟ್ಟು. ಅರ್ಧ ಜಾಗದಲ್ಲಿ ಪೈರು ಒಣಗಿದ್ದು ಇನ್ನರ್ಧ ಹಸಿರಾಗಿದ್ದರೂ ಈ ಲೆಕ್ಕದಲ್ಲಿ ಎರಡೂ ಒಂದೇ.

ಐಎಚ್‌ಎಸ್‌ನಲ್ಲಿ ತೊಂದರೆ ಬೇರೆ ರೀತಿಯದು. ಐಆರ್‌ಎಸ್-1ಸಿಯ ಕಪ್ಪು-ಬಿಳುಪು ಕ್ಯಾಮೆರಾ ಲಿಸ್-3 ಅಳೆಯುವ ಅವಗೆಂಪು ಬೆಳಕನ್ನು ನೋಡುವುದಿಲ್ಲ. ಗಿಡಮರಗಳು ಹೆಚ್ಚು ಹೊಳೆಯುವುದೇ ಆ ಬೆಳಕಿನಲ್ಲಿ. ಹೀಗಾಗಿ ಬೆಸೆದಾಗ ಹಸಿರಿನ ಅಳತೆಯೇ ಬದಲಾಗಬಹುದು.

ಆದ್ದರಿಂದ ರಸ್ತೆ, ಕಟ್ಟಡ, ಕೆರೆಯಂಚು ಗುರುತಿಸಲು ಬೆಸೆದ ಚಿತ್ರ ಬಹಳ ಉಪಯುಕ್ತ. ಬೆಳೆ ಹಾನಿಯನ್ನು ಅಂದಾಜು ಮಾಡುವಾಗ ಮಾತ್ರ ಮೂಲ ಬಣ್ಣದ ಚಿತ್ರದ ಅಂಕಿಗಳನ್ನೇ ನೋಡಬೇಕು. ಚಿತ್ರ ಕಣ್ಣಿಗೆ ಸ್ಪಷ್ಟವಾಗಿದೆ ಎಂದ ಮಾತ್ರಕ್ಕೆ ಅಲ್ಲಿನ ಪ್ರತಿ ಬಣ್ಣವನ್ನೂ ಉಪಗ್ರಹ ಅಳೆದಿದೆ ಎಂದಲ್ಲ.