ಹೆಂಡದಂಗಡಿಯವಳ ಮಾತು ಎಲ್ಲಿ ಹೋಯಿತು?

ಮೆಸೊಪೊಟೇಮಿಯಾದ ಗಿಲ್ಗಮೇಶ್ ಕಾವ್ಯದಲ್ಲಿ, ಗೆಳೆಯ ಎಂಕಿಡು ಸತ್ತ ಮೇಲೆ ಸಾವಿಗೆ ಮದ್ದು ಹುಡುಕುತ್ತ ಹೊರಟ ದೊರೆ ಗಿಲ್ಗಮೇಶನಿಗೆ ಕಡಲಂಚಿನ ಹೆಂಡದಂಗಡಿಯವಳು ಬುದ್ಧಿ ಹೇಳಿದ ಪ್ರಸಂಗ ಪ್ರಸಿದ್ಧ. ಸಾವು ಯಾರಿಗೂ ತಪ್ಪದು. ಉಂಡು ಉಟ್ಟು, ಕೈ ಹಿಡಿದ ಮಗುವನ್ನು ನೋಡಿಕೊಂಡು ಬಾಳು ಎಂಬುದು ಅವಳ ಮಾತಿನ ಸಾರ.

ಆ ಮಾತು ಎಲ್ಲಿದೆಯೆಂದು ನೋಡಲು ಮೊದಲು ನಿನೆವೆಯ ಪಾಠವನ್ನು ತೆರೆದೆ. ಅಸ್ಸೀರಿಯಾದ ದೊರೆ ಅಶ್ಶುರ್‌ಬನಿಪಾಲನ ಗ್ರಂಥಭಂಡಾರದಲ್ಲಿ ಸಿಕ್ಕ, 12 ಮಣ್ಣಿನ ಹಲಗೆಗಳ ಪಾಠವದು. 10ನೆಯ ಹಲಗೆಯಲ್ಲಿ ಅವಳಿದ್ದಾಳೆ. ಸಿದುರಿ ಎಂಬ ಹೆಸರೂ ಇದೆ. ಬಂದವನ ಅವತಾರ ಕಂಡು ಬೆದರಿ ಬಾಗಿಲಿಗೆ ಅಗುಳಿ ಹಾಕುತ್ತಾಳೆ. ಆಮೇಲೆ ಕಡಲು ದಾಟಿಸುವ ದೋಣಿಯವನ ಸುಳಿವು ಕೊಡುತ್ತಾಳೆ. ಆ ಬುದ್ಧಿಮಾತು ಮಾತ್ರ ಇಲ್ಲ.

ಹಾಗಾದರೆ ಅದು ಬಂದದ್ದೆಲ್ಲಿಂದ? ಜಾಡು ಹಿಡಿದು ಹೋದರೆ, ನಿನೆವೆಯ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದಾದ ಒಡೆದ ಹಲಗೆಯೊಂದು ಸಿಗುತ್ತದೆ. ಅದರ ಒಂದು ತುಂಡನ್ನು ಬ್ರೂನೊ ಮೈಸ್ನರ್ 1902ರಲ್ಲಿ ಪ್ರಕಟಿಸಿದರು. ಅದು ಬರ್ಲಿನ್‌ನಲ್ಲಿದೆ, ಅಂಗಡಿಯವಳ ಮಾತು ಇರುವುದು ಅದರಲ್ಲೇ. ಅದೇ ಹಲಗೆಯ ಲಂಡನ್ ತುಂಡನ್ನು ಎ. ಆರ್. ಮಿಲ್ಲರ್ಡ್ 1964ರಲ್ಲಿ ಪ್ರಕಟಿಸಿದರು. ಅಂದರೆ ಹಳೆಯ ಪಾಠದಲ್ಲಿದ್ದ ಸಮಾಧಾನವನ್ನು ಮುಂದಿನ ಪಾಠ ಉಳಿಸಿಕೊಳ್ಳಲಿಲ್ಲ. ಅಲ್ಲಿ ಸಾವಿನ ವಿಷಯ ತಿಳಿಹೇಳುವವನು ಪ್ರಳಯದಿಂದ ಪಾರಾದ ಉತನಪಿಷ್ಟಿ. ಅವನ ಉಪದೇಶದಲ್ಲಿ ಉಂಡು ನಲಿಯುವ ಮಾತಿಲ್ಲ. ಯಾರ ಕಣ್ಣಿಗೂ ಬೀಳದೆ ಬಂದು ಕೊಯ್ಯುವ ಸಾವಿನ ಎಚ್ಚರಿಕೆಯಿದೆ.

ಈಜಿಪ್ಟಿನ ದಾಖಲೆಗಳತ್ತ ತಿರುಗಿದಾಗಲೂ ಇಂಥದ್ದೇ ಜಗ್ಗಾಟ ಕಂಡಿತು. ದೊರೆ ಇಂತೆಫ್‌ನ ಸಮಾಧಿಯದೆಂದು ಹೇಳುವ ಹಾಡೊಂದು ಹ್ಯಾರಿಸ್ 500 ಎಂಬ ಪಪೈರಸ್ ಸುರುಳಿಯಲ್ಲಿ ಉಳಿದಿದೆ. ಹೋದವರಾರೂ ಮರಳಿ ಬಂದು ಅಲ್ಲಿನ ಸಂಗತಿ ತಿಳಿಸಿಲ್ಲವಾದ್ದರಿಂದ, ಇರುವಷ್ಟು ದಿನ ನಲಿಯಬೇಕೆಂದು ಅದು ಹೇಳುತ್ತದೆ. ಥೀಬ್ಸ್‌ನಲ್ಲಿ, ದೊರೆ ಹೊರೆಮ್‌ಹೆಬ್‌ನ ಕಾಲದ ಪುರೋಹಿತ ನೆಫೆರ್‌ಹೋಟೆಪ್‌ನ ಸಮಾಧಿಯಲ್ಲಿರುವ ಹಾಡು ಇದಕ್ಕೆ ನೇರವಾಗಿ ಎದುರು ನಿಲ್ಲುತ್ತದೆ. ಹಳೆಯ ಸಮಾಧಿಗಳ ಹಾಡುಗಳು ಇಹವನ್ನು ಹೊಗಳಿ ಸತ್ತವರ ನಾಡನ್ನು ಹೀಗಳೆಯುವುದೇಕೆ ಎಂಬುದು ಅದರ ಆಕ್ಷೇಪ.

ಸಾವಿನ ಬಗ್ಗೆ ಮೆಸೊಪೊಟೇಮಿಯಾದ ನಿಲುವು ಇದು, ಈಜಿಪ್ಟಿನದು ಅದು ಎಂದು ಪಟ್ಟಿ ಹಾಕುವುದು ಸುಲಭ. ದಾಖಲೆಗಳು ಅದಕ್ಕೆ ಬಗ್ಗುವುದಿಲ್ಲ. ಎರಡೂ ಕಡೆ ಜನ ಹಿಂದಿನವರ ಉತ್ತರವನ್ನು ಒರೆಗೆ ಹಚ್ಚಿದ್ದಾರೆ, ಬೇಡವೆನಿಸಿದ್ದನ್ನು ಬಿಟ್ಟಿದ್ದಾರೆ, ಒಪ್ಪದ್ದನ್ನು ಎದುರಿಸಿದ್ದಾರೆ. ಎಲ್ಲ ಮನುಷ್ಯರ ಪ್ರಶ್ನೆ ಒಂದೇ ಎಂದರೆ ಸಾಲದು. ಸಿದ್ಧ ಉತ್ತರಕ್ಕೆ ತೃಪ್ತಿಪಡದ ಹಟದಲ್ಲೂ ಇವರು ಒಂದೇ ಕುಲ. ಆದ್ದರಿಂದ ಒಂದು ನಾಗರಿಕತೆಯ ಪರವಾಗಿ ಒಂದೇ ಪಠ್ಯವನ್ನು ಸಾಕ್ಷಿಗೆ ಕರೆಯಬಾರದು. ಅದು ಯಾರಿಗೆ ಎದುರಾಡುತ್ತಿದೆ ಎಂದು ಹುಡುಕಿ, ಆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು.